ಒಂದೇ ಅಳತೆಯ ಅಂಗಿಗಳು

ಯಶವಂತಪುರದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಮದುವೆಗೆ ಮುಂಚಿನಿಂದಲೂ ಕಾಲರ್ ಹೊಲಿದವಳು ನಾನು. ಕಾಲರ್ ಮಾತ್ರ. ಪಕ್ಕದ ಮನೆಯವಳು ತೋಳು ಹಾಕುತ್ತಿದ್ದಳು, ಎದುರು ಮನೆಯ ಅಕ್ಕ ಜೇಬು. ಭುಜ, ಪಕ್ಕೆ, ಗುಂಡಿ ಎಲ್ಲಕ್ಕೂ ಬ್ಯಾಟರಾಯನಪುರದ ನಮ್ಮ ಗಲ್ಲಿಯಲ್ಲೇ ಜನವಿದ್ದರು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಒಂದು ಶರ್ಟು ಆಗುತ್ತೆ ಎಂದು ನಾವೇ ನಗುತ್ತಿದ್ದೆವು.

ಫ್ಯಾಕ್ಟರಿ ಬೇರೆ ಊರಿಗೆ ಹೋಯಿತು. ನಮ್ಮನ್ನು ತುಂಬಿಕೊಂಡು ಹೋಗುತ್ತಿದ್ದ ಟೆಂಪೊ ನಿಂತಿತು, ಅದರ ಹಿಂದೆಯೇ ಗಲ್ಲಿ ತುದಿಯ ಇಡ್ಲಿ ಗಾಡಿಯೂ ಮಾಯವಾಯಿತು. ಒಬ್ಬಳ ಕೆಲಸ ಹೋದರೆ ಇನ್ನೊಬ್ಬಳ ಮನೆಯಲ್ಲಿ ಪಾವು ಅಕ್ಕಿಯಾದರೂ ಸಿಗುತ್ತದೆ. ಎಲ್ಲರದ್ದೂ ಒಂದೇ ದಿನ ಹೋದರೆ ಯಾರ ಬಾಗಿಲು ತಟ್ಟುವುದು?

ವಿದ್ಯಾರಣ್ಯಪುರದ ಟೈಲರ್ ಅಂಗಡಿಯೊಂದಕ್ಕೆ ಹೋದೆ. ಮಾಸ್ಟರ್ ಬ್ಲೌಸ್ ಪೀಸ್ ಕೈಗೆ ಕೊಟ್ಟು, "ಕಟ್ ಮಾಡಿ ಹೊಲ್ದು ತೋರ್ಸಮ್ಮ" ಅಂದ. ಜನ್ಮದಲ್ಲಿ ಬಟ್ಟೆ ಕತ್ತರಿಸಿದವಳಲ್ಲ ನಾನು. ಫ್ಯಾಕ್ಟರಿಯಲ್ಲಿ ಅದಕ್ಕೆ ಬೇರೆ ಸೆಕ್ಷನ್ನೇ ಇತ್ತು. ಕತ್ತರಿ ಮೊಂಡು ಎಂದೆ.

"ಕುಣಿಯಕ್ ಬರ್ದಿದ್ದೋಳು ನೆಲ ಡೊಂಕು ಅಂದ್ಳಂತೆ," ಎಂದು ನಕ್ಕ. ಆ ಬಟ್ಟೆಯನ್ನು ಅವನ ಮುಖಕ್ಕೇ ಎಸೆಯಬೇಕೆನಿಸಿತು. ಮಡಿಸಿ ಮೇಜಿನ ಮೇಲಿಟ್ಟು ಬಂದೆ.

ವಿದ್ಯಾರಣ್ಯಪುರದ ಪಕ್ಕದಲ್ಲೇ ಇರುವ ಸಿಂಗಾಪುರ ಬಡಾವಣೆಯ ಒಂದು ಚಿಕ್ಕ ಶಾಲೆಗೆ ಮಕ್ಕಳ ಯೂನಿಫಾರಂ ಅಂಗಿ ಹೊಲಿಯುವವರು ಬೇಕಂತೆ ಎಂದು ಜೇಬಿನ ಅಕ್ಕ ಸುದ್ದಿ ತಂದಳು. ಅವಳ ಮನೆಯ ಹಜಾರದಲ್ಲೇ ಹಳೆಯ ಮಿಷನ್‌ಗಳನ್ನು ಹಾಕಿದೆವು. ಇದೊಂದು ಕೈ ಹಿಡಿದರೆ ಹೊಲಿಗೆಯವರಾಗಿ ಉಳಿಯುತ್ತೇವೆ, ಇಲ್ಲದಿದ್ದರೆ ಕಂಡವರ ಕಸ ಗುಡಿಸುವುದೇ ಗತಿ ಎಂದು ಎಲ್ಲರಿಗೂ ಗೊತ್ತಿತ್ತು. ಶಾಲೆಯವರು ಬಟ್ಟೆ ಕಳಿಸಿದರು. ಅಕ್ಕ ತನ್ನ ಮಗನ ಹಳೆಯ ಅಂಗಿಯೊಂದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಪದರ ಪದರ ಮಡಿಸಿ ಕತ್ತರಿಸಿದೆವು. ಆಮೇಲೆ ಕೇಳಬೇಕೆ! ನನ್ನ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ಇನ್ನೊಬ್ಬಳ ಕೈಗೆ. ಹೊಲಿಗೆ ಒಂದು ನೂಲು ಆಚೀಚೆ ಇಲ್ಲ. ಆ ವಾರ ನಾನು ನಿಜವಾಗಿಯೂ ಸಂತೋಷವಾಗಿದ್ದೆ.

ನಾವು ಒಯ್ದ ಅಂಗಿಗಳ ಗಂಟು ಬಿಚ್ಚಿ ನೋಡಿದ ಶಾಲೆಯ ಮೇಡಂ, "ಎಲ್ಲಾ ಒಂದೇ ಸೈಜ್ ಇದ್ಯಲ್ರಮ್ಮಾ! ಒಂದನೇ ಕ್ಲಾಸಿಗೂ ಇದೇ, ಏಳನೇ ಕ್ಲಾಸಿಗೂ ಇದೇನಾ?" ಅಂದರು.

ಫ್ಯಾಕ್ಟರಿಯಲ್ಲಿ ನಮ್ಮ ಮುಂದೆ ಬೀಳುತ್ತಿದ್ದ ಬಂಡಲ್ ಇಡೀ ಒಂದೇ ಸೈಜು. ಅಳತೆಯ ಚಿಂತೆ ನಮ್ಮದಾಗಿರಲೇ ಇಲ್ಲ. ಅಂಗಿ ಹಾಕಿಕೊಳ್ಳುವ ಮಗು ದೊಡ್ಡದೋ ಚಿಕ್ಕದೋ ಎಂದು ಕೇಳಬೇಕೆಂಬುದು, ಸ್ವಂತ ಮಕ್ಕಳನ್ನು ಸಾಕಿದ ನಮಗೆ, ಒಬ್ಬಳಿಗೂ ಹೊಳೆದಿರಲಿಲ್ಲ. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಬಟ್ಟೆಯನ್ನು ವಾಪಸ್ ತರಿಸಿಕೊಂಡರು.

"ಸಾಕು ಕಣೇ, ಮಿಷನ್ ಎತ್ತಿಡಣ," ಎಂದಳು ಅಕ್ಕ.

ಹೆಬ್ಬಾಳದ ಹತ್ತಿರ ಆಫೀಸ್ ಕಟ್ಟಡವೊಂದಕ್ಕೆ ಹೌಸ್‌ಕೀಪಿಂಗ್‌ಗೆ ಹೆಂಗಸರು ಬೇಕೆಂದು ತಿಳಿದು ಹೋದೆ. ಅಲ್ಲಿನ ಸೂಪರ್‌ವೈಸರ್ ನನ್ನ ಕಿರಿಯ ತಮ್ಮನ ವಯಸ್ಸಿನವನು. "ಏನ್ ಕೆಲ್ಸ ಗೊತ್ತು ನಿಮ್ಗೆ?" ಎಂದು ಕೇಳಿದ. ಕಾಲರ್ ಎಂದು ಹೇಳಲು ಬಾಯಿ ತೆರೆದೆ.

"ಏನೂ ಗೊತ್ತಿಲ್ಲ ಸರ್."

"ಪರ್ವಾಗಿಲ್ಲ ಬಿಡಿ, ಇಲ್ಲೇನೂ ಗೊತ್ತಿರ್ಬೇಕಾಗಿಲ್ಲ," ಎಂದವನು ನಾಳೆಯಿಂದಲೇ ಬರಲು ಹೇಳಿದ.