ಹಾಡಿದೋರಿಗೆ ಕೇಳಿಸಿದ್ರಾ?

ಅರಸೀಕೆರೆಯಲ್ಲಿ ನಾನು ಕೆಲಸಕ್ಕಿದ್ದ ಕಂಪನಿಯ ಯಜಮಾನರು ಯಾವ ಹಾಡನ್ನೇ ಆದರೂ ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ ಒಂದೇ ಮಾತು: "ಹಾಡಿದೋರಿಗೆ ಕೇಳಿಸಿದ್ರಾ?" ನನ್ನ ಡೈರಿಯ ಒಂದೇ ವಾರದಲ್ಲಿ ಇದು ಹತ್ತೊಂಬತ್ತು ಸಲ ಇದೆ.

ಸಿನಿಮಾ, ಧಾರಾವಾಹಿಗಳನ್ನು ಹೊರದೇಶದ ಟಿವಿಗಳಿಗೆ ತಲುಪಿಸುತ್ತಿದ್ದ ನಾವು ಆ ವರ್ಷ ಮದುವೆಯ ಸೋಬಾನೆ ಹಾಡುಗಳನ್ನೂ ಸೇರಿಸಿದೆವು. ಅವನ್ನು ಒಂಬತ್ತು ದೇಶಗಳಲ್ಲಿ ಹಂಚಲು ವಿದೇಶಿ ಕಂಪನಿಯೊಂದು ಮುಂದೆ ಬಂತು. ಆದರೆ ಹಾಡು ಮೂರು ನಿಮಿಷ ಮೀರಬಾರದು ಎಂದಿತು. ಒಬ್ಬಾಕೆ ಹಾಡಿದ ಸಾಲನ್ನು ಉಳಿದ ಹೆಂಗಸರು ತಿರುಗಿ ಹಾಡುವುದು ಸೋಬಾನೆಯ ಕ್ರಮ. ಹನ್ನೆರಡು ಹಾಡುಗಳಲ್ಲೂ ನಾನು ಆ ಮರುದನಿಯನ್ನು ಕತ್ತರಿಸಿದೆ.

ಅದನ್ನು ಹಾಡಿದವರಿಗೆ ಕೇಳಿಸಲೆಂದು ಯಜಮಾನರು ನನ್ನನ್ನು ಹಗರೆ ಎಂಬ ಊರಿಗೆ ಕರೆದೊಯ್ದರು. ಹಾಡಿದ್ದ ಅಜ್ಜಿ ಹಸುವಿಗೆ ಹುಲ್ಲು ಹಾಕುತ್ತಲೇ ಕೇಳಿಸಿಕೊಂಡರು. "ನಮ್ಮೋರೆಲ್ಲ ಎಲ್ಲೋದ್ರಪ್ಪ? ನಾನೊಬ್ಳೇ ಅರಚ್ಕಂಡಂಗೈತೆ. ಮದ್ವೆ ಮನೇಲಿ ಮುನಿಸ್ಕಂಡು ಎಲ್ರೂ ಎದ್ದೋದ್ರು ಅಂತಾರೆ ಜನ!"

ನಾನು ತಲೆ ತಗ್ಗಿಸಿದೆ. ಯಜಮಾನರು ನಕ್ಕು, ಅದೇ ಜಗಲಿಯಿಂದ ವಿದೇಶಿ ಕಂಪನಿಯ ಪ್ರತಿನಿಧಿಗೆ ಫೋನ್ ಮಾಡಿದರು. "ಒಬ್ಬರನ್ನೂ ಬಿಡಲ್ಲ ಕಣ್ರೀ. ಹಾಡು ಏಳು ನಿಮಿಷವೇ." ಒಪ್ಪಂದವೇ ಮುರಿದೀತು ಎಂದರು ಆ ಕಡೆಯವರು. "ಯೋಚ್ನೆ ಮಾಡಿ ಹೇಳಿ" ಎಂದು ಇವರು ಫೋನ್ ಇಟ್ಟರು.

ನಾನು ಹನ್ನೆರಡೂ ಹಾಡುಗಳನ್ನು ಮತ್ತೆ ಜೋಡಿಸಿದೆ. ಗಾಯಕರ ಪಟ್ಟಿಯಲ್ಲಿ ನಲವತ್ತೊಂದು ಹೆಸರುಗಳಾದವು. ಹನ್ನೊಂದನೆಯ ದಿನ ಉತ್ತರ ಬಂತು: ಏಳು ನಿಮಿಷಕ್ಕೆ ಒಪ್ಪಿಗೆ, ಆದರೆ ಒಂಬತ್ತಲ್ಲ, ಎರಡೇ ದೇಶ. ನಾನು ಸಪ್ಪಗಾದೆ. ಯಜಮಾನರು ಆಗಲೇ ಅಜ್ಜಿಗೆ ಫೋನ್ ಹಚ್ಚಿದ್ದರು.

"ಎರಡು ದೇಶಕ್ಕೆ ಹೊರಟಿದ್ದೀರ ಕಣವ್ವ, ನಲವತ್ತೊಂದು ಜನಾನೂ!"