ಅಪ್ಪ ಹತ್ತಿ ನಿಂತ ಸ್ಪ್ಯಾನರು

ಬನ್ನೂರಿನ ನಮ್ಮ ಮನೆಯಲ್ಲಿ ಅಂಬಾಸಿಡರ್ ಕಾರಿದ್ದ ಆ ದಿನಗಳಲ್ಲಿ, ಊರು ಬಿಡುವ ಮುನ್ನ ಚಕ್ರಗಳಿಗೆ ಒಂದು ಸೇವೆ ಸಲ್ಲಬೇಕಿತ್ತು. ಹೂವು ಏರಿಸುವುದು ಅಮ್ಮನ ಪಾಲು, ನಟ್ಟು ಬಿಗಿಯುವುದು ಅಪ್ಪನ ಪಾಲು. ಕೈಯಲ್ಲಿ ಬಿಗಿದದ್ದು ಬಿಗಿಯೇ ಅಲ್ಲ ಎಂಬುದು ಅಪ್ಪನ ಸಿದ್ಧಾಂತ. ಸ್ಪ್ಯಾನರಿಗೆ ಕಬ್ಬಿಣದ ಪೈಪು ತೊಡಿಸಿ, ಪಂಚೆ ಎತ್ತಿ ಕಟ್ಟಿ, ಅದರ ಮೇಲೆ ಹತ್ತಿ ಮೂರು ಸಲ ಕುಣಿಯುತ್ತಿದ್ದರು. ಒಂದೊಂದು ನಟ್ಟಿಗೂ ಮೂರು. ಬೀಳದಂತೆ ಅವರ ಸೊಂಟ ಹಿಡಿದು ನಿಲ್ಲುವುದು ಹತ್ತು ವರ್ಷದ ನನ್ನ ಕೆಲಸ.

ಆ ಬೇಸಿಗೆಯಲ್ಲಿ ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ನಂಜನಗೂಡಿನ ಶಿಬಿರದಲ್ಲಿ ಹೆಸರು ಬರೆಸಿದ್ದೆವು. ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಹಾಜರಾಗದಿದ್ದರೆ ಮುಂದಿನ ವರ್ಷವೇ. ಆ ದಿನ ಅಜ್ಜಿ ತಲೆಗೆರೆದುಕೊಂಡು ಆರಕ್ಕೇ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅಪ್ಪನ ಕುಣಿತ ಮುಗಿದಾಗ ಏಳು.

ನರಸೀಪುರ ಮುಟ್ಟುವಷ್ಟರಲ್ಲಿ ಎಡಗಡೆಯ ಚಕ್ರ ಗಡಗಡ ಅಲ್ಲಾಡತೊಡಗಿತು. ಚಕ್ರ ಹಿಡಿದಿಡುವ ಸ್ಟಡ್ ಬೋಲ್ಟುಗಳಲ್ಲಿ ಎರಡು ಮುರಿದಿದ್ದವು. ಮೆಕ್ಯಾನಿಕ್ ಮಾದಣ್ಣನ ಶೆಡ್ಡಿನಲ್ಲಿ ಗ್ರೀಸಿನ ವಾಸನೆ, ಪಕ್ಕದ ಹೋಟೆಲಿನ ವಡೆಯ ವಾಸನೆ. ಅವನು ಡ್ರಮ್ಮು ಬಿಚ್ಚಿ, ಮುರಿದ ತುಂಡುಗಳನ್ನು ಸುತ್ತಿಗೆಯಿಂದ ಬಡಿದು ತೆಗೆದು, ಹೊಸವನ್ನು ಕೂರಿಸಿ, ಕೈಯಲ್ಲೇ ನಟ್ಟು ಬಿಗಿದಾಗ ಒಂಬತ್ತೂವರೆ.

"ಸಾ, ಇದು ಸಡ್ಲಾಗಿ ಮುರ್ದಿಲ್ಲ. ಬಿಗ್ದೂ ಬಿಗ್ದೂ ಮುರ್ದದೆ," ಎಂದ.

ಪರಧರ್ಮದವರ ಪ್ರವಚನ ಕೇಳುವವರಂತೆ ಅಪ್ಪ ಗೌರವದಿಂದ ತಲೆಯಾಡಿಸಿದರು. ಮಾದಣ್ಣ ಕೈ ತೊಳೆಯಲು ಹಿತ್ತಲಿಗೆ ಹೋದದ್ದೇ, ಡಿಕ್ಕಿಯಿಂದ ಪೈಪು ಹೊರಬಂತು. ನಾನೂ ಬೇಡವೆನ್ನಲಿಲ್ಲ, ಹೋಗಿ ಸೊಂಟ ಹಿಡಿದೆ. ಮೂರನೆಯ ಕುಣಿತಕ್ಕೆ ಟಕ್ಕೆಂದಿತು. ಮುರಿದದ್ದು ಹೊಸ ಬೋಲ್ಟು.

ಮಾದಣ್ಣ ಬಂದು ನೋಡಿ, ಹಳೇ ಟೈರಿನ ಮೇಲೆ ಕೂತುಬಿಟ್ಟ. ಅಜ್ಜಿ ಕಾರಿನಿಂದಿಳಿದು, ತಡವರಿಸಿ ನನ್ನ ಕೈ ಹಿಡಿದು, ಅಪ್ಪನತ್ತ ತಿರುಗಿದಳು.

"ನೀನು ಬಿಗೀತಿರು ಕಣ್ ಮಗಾ. ನಾವು ಬಸ್ಸಲ್ಲಿ ಓಯ್ತೀವಿ."

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಶಿಬಿರ ಸೇರಿದೆವು. ಅಪ್ಪ ಬಂದದ್ದು ಸಂಜೆಗೆ. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದಾಗ ಅಜ್ಜಿ ಎದುರಿಗೆ ನಿಂತ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ನಾಕೂ ಚಕ್ರ ಅವಾ?"

ಈಗ ಟೈರಂಗಡಿಯವನು ನಟ್ಟು ಬಿಗಿಯುವ ಗಾಳಿಯ ಗನ್ನು ಹಿಡಿದು, ಬರ್ರೆನ್ನಿಸಿ, ನಿಮಿಷದಲ್ಲಿ ಮುಗಿಸುತ್ತಾನೆ. ಏಳಕ್ಕೆ ಹೊರಡಬೇಕೆಂದರೆ ಏಳಕ್ಕೇ ಹೊರಡುತ್ತೇವೆ. ನನ್ನ ಕಾರಿನಲ್ಲಿ ಇದುವರೆಗೆ ಒಂದು ಬೋಲ್ಟೂ ಮುರಿದಿಲ್ಲ. ಅಪ್ಪನ ಪೈಪು ಡಿಕ್ಕಿಯಲ್ಲೇ ಇದೆ, ತಿರುವಿನಲ್ಲೆಲ್ಲ ಉರುಳಿ ಸದ್ದು ಮಾಡುತ್ತದೆ. ಹಿಡಿದುಕೊಳ್ಳಲು ಅವರ ಸೊಂಟವೊಂದಿಲ್ಲ.