ಎರಡು ಕಾಲೂ ಒಟ್ಟಿಗೆ

ನನಗೆ ಈಜು ಕಲಿಸಿದ್ದು ಅಪ್ಪ, ನೆಂಟರ ತೋಟದ ಬಾವಿಯಲ್ಲಿ. ಪಂದ್ಯಕ್ಕೆ ಈಜುವುದನ್ನು ಕಲಿಸಿದ್ದು ಸೇಲಂನ ಈಜುಕೊಳದ ಕೋಚ್. ಇವರಿಬ್ಬರ ನಡುವೆ ಸಿಕ್ಕಿಕೊಂಡಿದ್ದು ನನ್ನ ಕಾಲುಗಳು.

ನಾವು ಮನೆಯಲ್ಲಿ ಕನ್ನಡ ಆಡುವ ನೇಕಾರರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅಪ್ಪ, ನಾನು ಮತ್ತು ಅಕ್ಕಪಕ್ಕದ ಎರಡು ಗುಂಡಿ ಮಗ್ಗ. ಕಾಲೇಜು ಮುಗಿಸಿ ಬಂದು ಅಮ್ಮನ ಮಗ್ಗಕ್ಕೆ ನಾನು ಕೂರುತ್ತಿದ್ದೆ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಒತ್ತಬೇಕು. ಆಗ ಎಳೆಗಳು ಬಾಯಿಬಿಟ್ಟು ಲಾಳಿಗೆ ದಾರಿ ಕೊಡುತ್ತವೆ. ದಿನದಲ್ಲಿ ನಾನು ಕನ್ನಡ ಆಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಕಾಲೇಜು, ಬಸ್ಸು, ಈಜುಕೊಳ ಎಲ್ಲ ಕಡೆಯೂ ತಮಿಳೇ. ಅಪ್ಪ ನೇಯುತ್ತಲೇ, ಮುದ್ದಿಗೆ ನನ್ನನ್ನು 'ಕಣ್ಣು' ಎಂದು ಕರೆಯುತ್ತ, ಬೀದಿಯ ಸುದ್ದಿಯೆಲ್ಲ ಹೇಳುತ್ತಿದ್ದ, ನಾನು ಕೋಚ್ ಬೈದದ್ದನ್ನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ.

ನನ್ನದು ಬೆನ್ನ ಮೇಲೆ ಈಜುವ ಪಂದ್ಯ. ಗೋಡೆಯನ್ನು ಒದ್ದು ಹೊರಟ ಮೇಲೆ ಹದಿನೈದು ಮೀಟರ್‌ವರೆಗೆ ನೀರೊಳಗೇ ಇರಬಹುದು, ಆಮೇಲೆ ತಲೆ ಹೊರಗೆ ಬರಲೇಬೇಕು. ಅಷ್ಟು ದೂರ ಹೇಗೆ ಕಾಲು ಹೊಡೆಯುವುದು ಅನ್ನುವುದು ಅವರವರ ಇಷ್ಟ. ನಾನು ಮಗ್ಗ ತುಳಿದಂತೆ ಒಂದಾದ ಮೇಲೊಂದು ಕಾಲು ಬಡಿದು ಬೇಗ ಮೇಲೆ ಬಂದುಬಿಡುತ್ತಿದ್ದೆ. ಪಕ್ಕದ ಹುಡುಗಿಯರು ಎರಡೂ ಕಾಲು ಜೋಡಿಸಿ, ಎದೆಯಿಂದ ಬೆರಳವರೆಗೆ ಮೈ ಬಳುಕಿಸುತ್ತ, ಡಾಲ್ಫಿನ್ ಒದೆತದಲ್ಲಿ ನೀರಡಿಯಲ್ಲೇ ನನ್ನನ್ನು ದಾಟಿ ಹೋಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

"ರೆಂಡು ಕಾಲುಂ ಒಣ್ಣಾ!" ಎರಡು ಕಾಲೂ ಒಟ್ಟಿಗೆ ಎಂದು ಕೋಚ್ ದಂಡೆಯಿಂದ ಕೂಗುತ್ತಿದ್ದರು. ಕಾಲು ಕೇಳಬೇಕಲ್ಲ! ಹಳೆಯ ಒದೆತವೇ ಸಾಕೆಂದರೆ ಅದನ್ನೇ ಮಾಡು, ಆದರೆ ರಾಜ್ಯಮಟ್ಟದ ಆಸೆ ಬಿಡು ಎಂದರು ಒಂದು ದಿನ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಆವತ್ತೇ ಸೈಕಲ್ ಟ್ಯೂಬ್ ಕತ್ತರಿಸಿ ಎರಡೂ ಕಾಲಿಗೆ ಸೇರಿಸಿ ತೊಟ್ಟುಕೊಂಡೆ.

ಬೆನ್ನ ಮೇಲೆ ಮಲಗಿ ನೀರೊಳಗೆ ಹೋಗುವಾಗ ಮೂಗಿನಿಂದ ಸಣ್ಣಗೆ ಗುನುಗುತ್ತಿರಬೇಕು, ಇಲ್ಲದಿದ್ದರೆ ನೀರು ನೆತ್ತಿಗೇರುತ್ತದೆ. ಮೇಲೆ ಬೆಳಕು ಅಲುಗಾಡುತ್ತದೆ, ಯಾರ ದನಿಯೂ ಕೇಳುವುದಿಲ್ಲ. ಅಷ್ಟು ಒಂಟಿಯಾದ ಜಾಗ ನಾನು ಬೇರೆ ಕಂಡಿಲ್ಲ. ಆದರೂ ಕೆಲವು ತಿಂಗಳಲ್ಲಿ ಒದೆತ ಕೈಹಿಡಿಯಿತು, ಅಂದರೆ ಕಾಲು ಹಿಡಿಯಿತು.

ಎಷ್ಟು ಹಿಡಿಯಿತೆಂದರೆ, ಒಂದು ಸಂಜೆ ಮಗ್ಗದಲ್ಲೂ ಎರಡು ಕಾಲನ್ನು ಒಟ್ಟಿಗೆ ಒತ್ತಿಬಿಟ್ಟೆ. ದಾರಿಯಿಲ್ಲದೆ ಲಾಳಿ ಸಿಕ್ಕಿಕೊಂಡು ಒಂದು ಹಿಡಿ ಎಳೆ ಪಟಪಟ ಕಿತ್ತುಹೋದವು. ಅಪ್ಪ ಬೈಯಲಿಲ್ಲ. ಒಂದೊಂದೇ ಎಳೆ ಹುಡುಕಿ ಗಂಟು ಹಾಕುತ್ತ, "ನೀ ನೀರ್‌ಗೇ ಓಗು ಕಣ್ಣು. ಇದು ನಾ ನೋಡ್ಕತೀನಿ," ಎಂದ. ಮರುದಿನದಿಂದ ಒಂದೇ ಮಗ್ಗದ ಸದ್ದು. ಮಾತೂ ಕಮ್ಮಿಯಾಯಿತು.

ರಾಜ್ಯಮಟ್ಟದ ಆಯ್ಕೆ ಧರ್ಮಪುರಿಯಲ್ಲಿ ನಡೆಯಿತು. ನೇಯ್ಗೆ ನಿಲ್ಲಿಸಿ, ಬಿಳಿ ಅಂಗಿ ತೊಟ್ಟು ಅಪ್ಪ ಜೊತೆಗೆ ಬಂದ. ನನ್ನ ಪಂದ್ಯವನ್ನು ಅವನು ನೋಡಲು ಬಂದದ್ದು ಅದೇ ಮೊದಲು. ಕುಣಿಯುವಷ್ಟು ಖುಷಿಯಾಗಿತ್ತು ನನಗೆ.

ಸೀಟಿ ಆಯಿತು, ಹೊರಟೆ. ಒದೆತ ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಹದಿನೈದು ಮೀಟರ್ ಗುರುತಿನವರೆಗೂ ಒಳಗೇ ಇದ್ದು ಎಲ್ಲರಿಗಿಂತ ಮುಂದೆ ಎದ್ದೆ. ಕೊನೆ ಗೋಡೆ ಮುಟ್ಟಿ ತಿರುಗಿ ನೋಡಿದರೆ ಜನ ನಗುತ್ತಿದ್ದರು. ಅಪ್ಪ ಕೊಳದ ಅಂಚಿನಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದ, ಒಬ್ಬರು ಅವನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ನಾನು ನೀರಡಿಯಲ್ಲಿದ್ದಾಗ ನನ್ನ ಹೆಸರು ಕೂಗಿಕೊಂಡು ಹಾರಲು ಬಂದನಂತೆ. ನಕ್ಕವರ ಮೇಲೆಲ್ಲ ನೀರೆರಚಬೇಕು ಅನ್ನಿಸಿತು.

ಆಯ್ಕೆಯಾದೆ. ವಾಪಸು ಬರುವ ಬಸ್ಸು ತೊಪ್ಪೂರು ಘಾಟಿ ಇಳಿಯುವಾಗ ಅಪ್ಪ ಹೇಳಿದ.

"ಮಿಕ್ಕೋರ್ದೆಲ್ಲ ತಲೆ ಕಾಣುಸ್ತು ಕಣ್ಣು. ನಿಂದು ಕಾಣ್ಲಿಲ್ಲ. ನೀರು ಸುಮ್ನೆ ನಿಂತಿತ್ತು."

"ಒಳಗೆ ಇದ್ದಷ್ಟೂ ಬೇಗ ಓಗ್ಬೋದು ಅಪ್ಪಾ. ಅದೇ ಈ ಒದೆತ."

"ಸರಿ, ಸರಿ. ಚೆನ್ನಾಗೇ ಐತೆ ಅಂತಾರೆ. ಆದ್ರೆ ನೋಡಕ್ಕೆ ನಂಗೆ ಮುಡಿಯಾದು, ಆಗಲ್ಲ. ಇನ್ಮೇಲೆ ನೀನೇ ಓಗ್ಬುಟ್ಟು ಬಾ. ಮುಗುದ್ಮೇಲೆ ಫೋನ್ ಮಾಡು."

ಅಮ್ಮನನ್ನು ಕಳೆದುಕೊಂಡು ನನ್ನೊಬ್ಬಳನ್ನೇ ಉಳಿಸಿಕೊಂಡವನಿಗೆ, ನನ್ನ ತಲೆ ಕಾಣದೆ ಅಷ್ಟು ಹೊತ್ತು ಸುಮ್ಮನೆ ನಿಂತ ನೀರು ನೋಡಲಾಗದು. ನನಗೆ ಅರ್ಥವಾಯಿತು. 'ಹಳೇ ಥರಾನೇ ಕಾಲು ಬಡೀತೀನಿ, ಬೇಗ ಮೇಲೆ ಬರ್ತೀನಿ, ನೀ ಬಾ' ಅನ್ನಬಹುದಿತ್ತು. ಘಾಟಿ ಮುಗಿಯುವವರೆಗೂ ಆ ಮಾತು ಬಾಯಲ್ಲೇ ಇತ್ತು. ಆದರೆ ಆ ಒದೆತ ನನಗೆ ಬೇಕಿತ್ತು. ಕಿಟಕಿಯ ಕಡೆ ತಿರುಗಿ "ಸರಿ ಅಪ್ಪಾ" ಎಂದೆ.

ರಾಜ್ಯಮಟ್ಟಕ್ಕೆ ಒಬ್ಬಳೇ ಹೋದೆ. ಗೋಡೆ ಒದ್ದು ಹೊರಟು, ಎರಡೂ ಕಾಲು ಜೋಡಿಸಿ, ಗುರುತಿನವರೆಗೂ ಒಳಗೇ ಇದ್ದೆ. ಎದ್ದಾಗ ನನ್ನ ಹೆಸರು ಕೂಗುವವರಿರಲಿಲ್ಲ, ಗ್ಯಾಲರಿಯಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತೇ ಇದ್ದರು.